ನಾಲ್ಕನೆಯವನ ಗಾಳಿ

ಲೆಕ್ಕದ ಪ್ರಕಾರ ಆ ನಾಲ್ವರೂ ಅರವತ್ತೆರಡನೆಯ ದಿನ ಮಧ್ಯಾಹ್ನ ಹನ್ನೆರಡಕ್ಕೆ ಸರಿಯಾಗಿ ಸಾಯಬೇಕಿತ್ತು. ಸಾಯಲಿಲ್ಲ. ಅರವತ್ತೈದನೆಯ ದಿನ ಸುಖವಾಗಿ ಸೂಪು ಕುಡಿದು, ಒಬ್ಬರ ಕಾಲನ್ನು ಒಬ್ಬರು ಎಳೆದುಕೊಂಡು, ಇನ್ನು ಹದಿನೈದೇ ದಿನ ಎಂದು ಆಕಾಶನೌಕೆಯ ಗೋಡೆಯ ಮೇಲೆ ಗೀಟು ಹಾಕಿದರು. ಕುರ್ಚಿಯಲ್ಲಿ ಕೂತು ಕೇಳುತ್ತಿದ್ದ ತೂಕದಪ್ಪನ ಕಿವಿ ನೆಟ್ಟಗಾಯಿತು.

ಓದುತ್ತಿದ್ದ ಹೆಂಡತಿಗೆ ನಿಲ್ಲಿಸಲು ಹೇಳಿ, ಎಷ್ಟನೆಯ ದಿನ ಎಂದು ಇನ್ನೊಮ್ಮೆ ಕೇಳಿದ. ಅರವತ್ತೈದು ಎಂದಳು. ನಾಲ್ಕೂ ಜನ ಇದ್ದಾರೆಯೇ ಎಂದು ಕೇಳಿದ. ಇದ್ದಾರಲ್ಲ, ಈಗ ತಾನೇ ಸೂಪು ಕುಡಿದರಲ್ಲ, ಕಿವಿಯೂ ಹೋಯಿತೇ ನಿಮಗೆ ಎಂದಳು. ಪುಟ ಮಗುಚುವ ಸದ್ದು ಬರಬೇಕಾದ ಹೊತ್ತಿಗೆ ಬರಲಿಲ್ಲ.

ತೂಕದಪ್ಪ ಎಂಬುದು ಮಾರುಕಟ್ಟೆಯವರು ಇಟ್ಟ ಹೆಸರು. ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ಇನ್‌ಸ್ಪೆಕ್ಟರಾಗಿದ್ದವನು. ಅವನ ಚೀಲದೊಳಗಿನ ಹಿತ್ತಾಳೆಯ ತೂಕದ ಬಟ್ಟುಗಳ ಸದ್ದು ಬೀದಿಯ ಆ ತುದಿಯಲ್ಲಿ ಕೇಳಿಸಿದರೆ ಈ ತುದಿಯ ತಕ್ಕಡಿಗಳು ತಾವಾಗಿಯೇ ಪ್ರಾಮಾಣಿಕವಾಗುತ್ತಿದ್ದವು ಎಂದು ಅಂಗಡಿಯವರು ಹೇಳಿಕೊಂಡು ನಗುತ್ತಿದ್ದರು. ಅನುಮಾನಪಡುವುದಕ್ಕೆಂದೇ ಸರ್ಕಾರ ಅವನಿಗೆ ಸಂಬಳ ಕೊಡುತ್ತಿತ್ತು. ಕಡಿಮೆ ತೂಗುವ ತಕ್ಕಡಿಯನ್ನು ಯಾರು ಬೇಕಾದರೂ ಹಿಡಿದಾರು, ತುಸು ಹೆಚ್ಚು ತೂಗುವ ತಕ್ಕಡಿ ಕಂಡರೆ ಅಲ್ಲೇ ಸ್ಟೂಲು ಎಳೆದುಕೊಂಡು ಕೂತುಬಿಡಬೇಕು ಎಂಬುದು ಅವನ ವಾದ. ಗಿರಾಕಿಗೆ ವಿನಾಕಾರಣ ಧಾರಾಳ ತೋರಿಸುವ ಅಂಗಡಿಯಲ್ಲಿ ಇನ್ನೆಲ್ಲೋ ಕೈಚಳಕ ನಡೆದಿರುತ್ತದೆ. ನಿವೃತ್ತನಾದ ಮೇಲೂ ಆ ಬುದ್ಧಿ ಹೋಗಲಿಲ್ಲ. ಹಾಲಿನವನು ಬೇಗ ಬಂದರೆ ಯಾಕೆ ಬೇಗ ಎಂದು, ತಡವಾಗಿ ಬಂದರೆ ಯಾಕೆ ತಡ ಎಂದು ಯೋಚಿಸುವ ಆಸಾಮಿ.

ಇಂಥವನು ಕಾದಂಬರಿ ಓದುತ್ತಾನೆಂದರೆ ಯಾರೂ ನಂಬುತ್ತಿರಲಿಲ್ಲ. ಓದುತ್ತಿದ್ದ, ಆದರೆ ಒಂದೇ ಬಗೆಯವು. ಐವತ್ತು ಅರವತ್ತು ವರ್ಷ ಹಳೆಯ ವೈಜ್ಞಾನಿಕ ಕಾದಂಬರಿಗಳು, ಅದರಲ್ಲೂ ಲೆಕ್ಕ ಬಿಗಿಯಾಗಿರುವಂಥವು. ರಾಕೆಟ್ಟಿಗೆ ಎಷ್ಟು ಇಂಧನ, ಎಷ್ಟು ವೇಗ, ಗ್ರಹದ ಸೆಳೆತ ಎಷ್ಟು, ಎಲ್ಲವನ್ನೂ ಬರೆದವನು ಅಂಕಿಯಲ್ಲಿ ಹೇಳಬೇಕು. ಇವನು ಪೆನ್ಸಿಲು ಹಿಡಿದು ಅಂಚಿನಲ್ಲಿ ತಾಳೆ ನೋಡಬೇಕು. ಬೇರೆ ಕಾದಂಬರಿಗಳಲ್ಲಿ ಅವಳ ಎದೆ ಒಡೆಯಿತು ಎಂದು ಬರೆದಿದ್ದರೆ ಒಡೆದದ್ದು ಹೌದೋ ಅಲ್ಲವೋ ಎಂದು ತಪಾಸಣೆ ಮಾಡುವುದು ಹೇಗೆ? ಇಲ್ಲಿ ಲೇಖಕ ಬಟ್ಟುಗಳನ್ನು ಎದುರಿಗಿಟ್ಟು, ಬೇಕಾದರೆ ತೂಗಿ ನೋಡಿಕೊ ಎನ್ನುತ್ತಾನೆ. ಆ ಧೈರ್ಯ ತೂಕದಪ್ಪನಿಗೆ ಇಷ್ಟವಾಗಿತ್ತು. ತಮಾಷೆಯೆಂದರೆ ಓದಿದ ಕಥೆ ಅವನ ತಲೆಯಲ್ಲಿ ಉಳಿಯುತ್ತಿರಲಿಲ್ಲ, ಲೆಕ್ಕ ಸರಿಯಿತ್ತು ಎಂಬ ಸಮಾಧಾನವಷ್ಟೇ ಉಳಿಯುತ್ತಿತ್ತು. ಈಗ ಕೇಳುತ್ತಿದ್ದ ಪುಸ್ತಕವನ್ನೂ ಇಪ್ಪತ್ತೆಂಟನೆಯ ವಯಸ್ಸಿನಲ್ಲಿ ಒಮ್ಮೆ ಓದಿದ್ದ. ಒಂದು ನೌಕೆ, ಒಂದು ಪಂಪು, ತಪ್ಪಿಲ್ಲದ ಲೆಕ್ಕ: ನೆನಪಿದ್ದದ್ದು ಇಷ್ಟೇ.

ಕಣ್ಣಿನ ಕಥೆ ಹೀಗೆ. ಎಡಗಣ್ಣು ಹೋಗಿ ಇಪ್ಪತ್ತು ವರ್ಷವಾಗಿತ್ತು; ತಪಾಸಣೆಗೆಂದು ಬಿಚ್ಚಿದ ಸ್ಪ್ರಿಂಗ್ ತಕ್ಕಡಿಯೊಂದು ಸಿಡಿದು ಬಡಿದಿತ್ತು. ಉಳಿದ ಬಲಗಣ್ಣಿನ ಒಳಪರದೆ ಹತ್ತೊಂಬತ್ತು ದಿನದ ಹಿಂದೆ ಕಳಚಿಕೊಂಡಿತು. ತುರ್ತಾಗಿ ಆಪರೇಷನ್ ಮಾಡಿ, ಪರದೆಯನ್ನು ಅದರ ಜಾಗದಲ್ಲಿ ಒತ್ತಿ ಹಿಡಿಯಲೆಂದು ಒಳಗೊಂದು ಅನಿಲದ ಗುಳ್ಳೆ ಬಿಟ್ಟು ಕಳಿಸಿದ್ದರು. ಗುಳ್ಳೆ ಕರಗುವ ತನಕ ಏನೂ ಕಾಣುವುದಿಲ್ಲ, ಹದಿನಾಲ್ಕು ದಿನ ಮುಖ ಅಡಿಯಾಗಿ ಮಲಗಬೇಕು, ಆಮೇಲೆ ಮೇಲಿನಿಂದ ಸ್ವಲ್ಪಸ್ವಲ್ಪವೇ ನೋಟ ತೆರೆದುಕೊಳ್ಳುತ್ತದೆ ಎಂದಿದ್ದರು. ಎಂಟನೆಯ ದಿನ ತೋರಿಸಲು ಹೋದಾಗ, ಇನ್ನು ಮುಖ ಅಡಿ ಹಾಕುವ ಅಗತ್ಯವಿಲ್ಲ, ಆರಾಮಾಗಿ ಕೂರಬಹುದು ಎಂದರು. ಆ ದಿನ ಖುಷಿಯಾಗಿತ್ತು. ಈಗ ಆ ಖುಷಿಯ ಮೇಲೂ ಅವನಿಗೆ ಗುಮಾನಿ ಹುಟ್ಟಿತು. ಹದಿನಾಲ್ಕು ದಿನದ ನಿಯಮವನ್ನು ಎಂಟಕ್ಕೇ ಸಡಿಲಿಸುವವರು ಯಾಕೆ ಸಡಿಲಿಸುತ್ತಾರೆ? ನೋಟವೇನೋ ತೆರೆದುಕೊಂಡಿರಲಿಲ್ಲ. ಬೆಳಗಾದರೆ ತೆಳು ಬೂದು, ಸಂಜೆಯಾದರೆ ದಪ್ಪ ಬೂದು, ಅಷ್ಟೇ.

ಪುಸ್ತಕ ಓದಿಹೇಳುವ ಕೆಲಸ ಹೆಂಡತಿಯ ಪಾಲಿಗೆ ಬಂದದ್ದು ಹಾಗೆ. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಹೊಸ ಬಟ್ಟೆ ಹೊಲಿಯುವವಳಲ್ಲ ಅವಳು. ಉದ್ದವಿದ್ದದ್ದನ್ನು ಗಿಡ್ಡ, ಬಿಗಿಯಿದ್ದದ್ದನ್ನು ಸಡಿಲ, ಒಬ್ಬರದ್ದನ್ನು ಇನ್ನೊಬ್ಬರಿಗೆ ಸರಿಮಾಡುವುದು ಅವಳ ಕಸುಬು. ತೀರಿಕೊಂಡ ತಂದೆಯ ಕೋಟನ್ನು ಮಗನಿಗೆ ಹೊಂದಿಸಿ ಕೊಟ್ಟಳೆಂದರೆ ಹೊಲಿಗೆ ಎಲ್ಲಿ ಬಿಚ್ಚಿದಳು, ಎಲ್ಲಿ ಕೂಡಿಸಿದಳು ಎಂದು ಭೂತಗನ್ನಡಿ ಹಿಡಿದರೂ ತಿಳಿಯುತ್ತಿರಲಿಲ್ಲ. ಈ ಪುಸ್ತಕಗಳ ಮೇಲೆ ಮೂವತ್ತು ವರ್ಷದಿಂದ ಅವಳಿಗೆ ಸವತಿಯ ಮೇಲಿನಂಥ ಸಿಟ್ಟು. ಈಗ ಅವಳೇ ಓದಬೇಕಾಗಿ ಬಂದಾಗ ಓದಿನ ನಡುವೆ ತನ್ನದೂ ನಾಲ್ಕು ಮಾತು ಸೇರಿಸದೆ ಬಿಡುತ್ತಿರಲಿಲ್ಲ. ಆಕಾಶಕ್ಕೆ ಹೋದವರು ಪೈಪು ಸೇದುತ್ತಾರಲ್ಲ, ಇವರಿಗೆ ಬುದ್ಧಿ ಬೇಡವೇ? ಗ್ರಹ ದಾಟುವ ಯಂತ್ರದಲ್ಲಿ ರೇಡಿಯೋ ಬಲ್ಬು ಸುಟ್ಟುಹೋಗುತ್ತದಂತೆ, ಕೈಯಲ್ಲಿ ಹಿಡಿಯುವ ಮರದ ಪಟ್ಟಿ ಜರುಗಿಸಿ ಗುಣಾಕಾರ ಮಾಡುತ್ತಾರಂತೆ. ಇಡೀ ಪುಸ್ತಕದಲ್ಲಿ ಇರುವವಳು ಒಬ್ಬ ಹೆಂಗಸು, ಅವಳೂ ಕ್ಯಾಪ್ಟನ್ನನ ಜೇಬಿನ ಫೋಟೋದೊಳಗೆ ನಗುತ್ತಾ ಕೂತಿದ್ದಾಳೆ. ನಾಲ್ಕು ಗಂಡಸರು ಅಷ್ಟು ತಿಂಗಳು ಒಂದೇ ಡಬ್ಬಿಯಲ್ಲಿದ್ದಾರೆ, ಒಬ್ಬನ ಗುಂಡಿಯೂ ಕಿತ್ತುಹೋಗಲಿಲ್ಲವೇ, ಸೂಜಿದಾರ ಯಾರು ತಂದಿದ್ದಾರೆ ಎಂದು ಅವಳು ಕೇಳುತ್ತಿದ್ದಳು. ಅವಳು ಹೇಳಿದ್ದೆಲ್ಲ ನಿಜವೇ. ಭವಿಷ್ಯವನ್ನು ಬರೆಯಲು ಹೋದವರ ಪುಸ್ತಕವೇ ಮನೆಯಲ್ಲೆಲ್ಲ ಹೆಚ್ಚು ಹಳೆಯದಾಗಿ ಕಾಣುತ್ತಿತ್ತು. ಆದರೆ ಲೆಕ್ಕ ಹಳತಾಗಿರಲಿಲ್ಲ, ಅದನ್ನೇ ಅವನು ಗಟ್ಟಿಯಾಗಿ ಹಿಡಿದುಕೊಂಡಿದ್ದ.

ಕಥೆ ಇಷ್ಟು. ದೂರದ ಉಪಗ್ರಹವೊಂದರಿಂದ ನಾಲ್ವರು ಹಿಂದಿರುಗುತ್ತಿದ್ದಾರೆ: ಕ್ಯಾಪ್ಟನ್, ಇಂಜಿನಿಯರ್, ಕಲ್ಲುಮಣ್ಣು ಪರೀಕ್ಷಿಸುವ ವಿಜ್ಞಾನಿ, ದಾರಿ ಗೊತ್ತುಮಾಡುವ ನ್ಯಾವಿಗೇಟರ್. ಆರನೆಯ ಅಧ್ಯಾಯದಲ್ಲಿ ಉಲ್ಕೆಯ ಚೂರು ತಾಗಿ ಗಾಳಿಯ ತೊಟ್ಟಿ ಒಡೆಯುತ್ತದೆ. ಒಬ್ಬ ಮನುಷ್ಯ ಒಂದು ದಿನ ಉಸಿರಾಡುವ ಗಾಳಿಗೆ ಲೇಖಕ ಒಂದು ಪಾಲು ಎಂದು ಹೆಸರಿಟ್ಟಿದ್ದ. ಉಳಿದದ್ದು ಇನ್ನೂರ ನಲವತ್ತಾರು ಪಾಲು. ಮನೆ ಸೇರಲು ಬೇಕಾದದ್ದು ಎಂಬತ್ತು ದಿನ. ನಾಲ್ವರಿಗೆ ಹಂಚಿದರೆ ಅರವತ್ತೊಂದೂವರೆ ದಿನಕ್ಕೆ ಮುಗಿಯಿತು. ತೂಕದಪ್ಪ ಅಂದಿನಿಂದ ಕಾದಿದ್ದ. ಲೇಖಕ ಪಾಚಿ ಬೆಳೆಸಿಯಾನು, ನೀರನ್ನು ಒಡೆದು ಗಾಳಿ ತೆಗೆದಾನು, ಏನೋ ಒಂದು ಉಪಾಯ ಬರುತ್ತದೆ ಎಂದು ಅಧ್ಯಾಯದ ಮೇಲೆ ಅಧ್ಯಾಯ ಕೇಳಿದ. ಏನೂ ಬರಲಿಲ್ಲ. ಕ್ಯಾಪ್ಟನ್ ಪೈಪು ಸೇದುವುದನ್ನು ಬಿಟ್ಟದ್ದೊಂದೇ ಉಳಿತಾಯ.

ಹೆಂಡತಿ ಪುಟ ಹಾರಿಸುತ್ತಿದ್ದಾಳೆಯೇ? ಮೊದಲು ಬಂದ ಅನುಮಾನ ಅದು. ಅವತ್ತು ಸಂಜೆ ಅವನು ಕಿವಿಯಿಂದಲೇ ಪುಟ ಎಣಿಸಿದ, ಹಾರಿಸುತ್ತಿರಲಿಲ್ಲ. ಹಿಂದಿನ ಅಂಕಿಗಳನ್ನು ಮತ್ತೆ ಓದಿಸಿದ. ಇನ್ನೂರ ನಲವತ್ತಾರು, ಎಂಬತ್ತು, ಎರಡೂ ಅವವೇ. ಹಾಗಾದರೆ ಬಟ್ಟು ಸರಿಯಿದೆ, ತಟ್ಟೆ ಸರಿಯಿದೆ, ಮುಳ್ಳು ಮಾತ್ರ ಸುಳ್ಳು ಹೇಳುತ್ತಿದೆ. ಇಂಥ ಅಂಗಡಿಗಳಲ್ಲಿ ಅವನು ಸುಮ್ಮನೆ ಹೊರಗೆ ಬಂದು, ಅವರು ಮೈಮರೆತಾಗ ದಿಢೀರನೆ ಒಳಗೆ ನುಗ್ಗುತ್ತಿದ್ದ. ಮರುದಿನ ಬೆಳಿಗ್ಗೆ ಅವಳು ಹೊಲಿಗೆಯಂತ್ರದ ಮೇಲೆ ಕೂತು ದಪ್ಪ ಜೀನ್ಸ್ ಬಟ್ಟೆ ಮಡಿಸಿ ಹೊಲಿಯುತ್ತಿದ್ದಾಗ ಇದ್ದಕ್ಕಿದ್ದಂತೆ ಕೂಗಿ ಕೇಳಿದ: ನ್ಯಾವಿಗೇಟರ್ ಈಗ ಏನು ಮಾಡುತ್ತಿದ್ದಾನೆ? ಪಾಪ, ಮಲಗಿದ್ದಾನೆ, ಅವನಿಗೆ ನಿದ್ದೆ ಜಾಸ್ತಿ ಎಂಬ ಉತ್ತರ ತಡವಿಲ್ಲದೆ ಬಂತು. ಯಂತ್ರ ಮಾತ್ರ ದಪ್ಪ ಬಟ್ಟೆಯ ಮೇಲೆ ಓಡಬಾರದಷ್ಟು ಜೋರಾಗಿ ಓಡಿತು.

ತೂಕದಪ್ಪ ಕೂತಲ್ಲೇ ಹಿಂದಿನ ಅಧ್ಯಾಯಗಳನ್ನು ಮನಸ್ಸಿನಲ್ಲಿ ತಿರುವಿಹಾಕಿದ. ಏಳನೆಯ ಅಧ್ಯಾಯದಿಂದ ಈಚೆಗೆ ನ್ಯಾವಿಗೇಟರ್ 'ಸರಿ ಕ್ಯಾಪ್ಟನ್' ಎಂಬ ಎರಡು ಪದ ಬಿಟ್ಟು ಬೇರೆ ಮಾತಾಡಿರಲಿಲ್ಲ. ಊಟಕ್ಕೆ ಬರುತ್ತಾನೆ, ತಲೆಯಾಡಿಸುತ್ತಾನೆ, ಮಲಗುತ್ತಾನೆ. ಬಟ್ಟೆಯಂಗಡಿಯ ಗಾಜಿನೊಳಗೆ ನಿಲ್ಲಿಸಿದ ಗೊಂಬೆಯಷ್ಟೇ ಅವನ ಜೀವ. ಅವನಿಲ್ಲದೆ ಮೂವರೇ ಇದ್ದರೆ? ಮೂವರಿಗೆ ಎಂಬತ್ತೆರಡು ದಿನ. ಲೆಕ್ಕ ಕೂತಿತು. ಪುಸ್ತಕದಲ್ಲಿ ನ್ಯಾವಿಗೇಟರ್ ಸತ್ತಿದ್ದಾನೆ, ಇವಳು ಅವನನ್ನು ಬದುಕಿಸಿ ಇಟ್ಟುಕೊಂಡಿದ್ದಾಳೆ.

ಸಿಕ್ಕಿಬಿದ್ದಳು ಎಂದು ಒಂದು ಗಳಿಗೆ ಹಿಗ್ಗಿದ. ಮರುಗಳಿಗೆ ಇನ್ನೊಂದು ಪ್ರಶ್ನೆ ಎದ್ದಿತು. ಕಥೆಯಲ್ಲಿ ಯಾರೋ ಒಬ್ಬ ಸತ್ತರೆ ಇವಳಿಗೇನು? ಸತ್ತವರ ಕೋಟು ಬಿಚ್ಚಿ ಹೊಲಿಯುವ ಹೆಂಗಸು, ಸಾವು ಎಂದರೆ ಬೆಚ್ಚುವವಳಲ್ಲ. ಆಗ ಉಳಿದದ್ದೆಲ್ಲ ಒಂದೊಂದಾಗಿ ನೆನಪಿಗೆ ಬಂತು. ಹನ್ನೆರಡು ದಿನದಿಂದ ಅವಳು ಜಗಳವಾಡಿಲ್ಲ. ಚಹಾಕ್ಕೆ ಅರ್ಧ ಚಮಚೆ ಮೇಲೆ ಸಕ್ಕರೆ ಹಾಕದವಳು ಈಗ ಕೇಳದೆಯೇ ಎರಡು ಚಮಚೆ ಹಾಕುತ್ತಾಳೆ. ಅವನನ್ನು ಒಬ್ಬನೇ ಬಿಟ್ಟು ಬೀದಿಗೆ ಇಳಿಯುವುದಿಲ್ಲ; ಇಳಿಯಲೇಬೇಕಾದರೆ ತಮ್ಮನನ್ನು ಕರೆಸಿ ಕೂರಿಸುತ್ತಾಳೆ, ಬಾಗಿಲಲ್ಲಿ ಇಬ್ಬರೂ ಪಿಸುಗುಡುತ್ತಾರೆ. ಎಲ್ಲ ಕಡೆಯೂ ಧಾರಾಳ. ಮುಳ್ಳು ಎಲ್ಲಿ ನೋಡಿದರೂ ಹೆಚ್ಚಿನ ಕಡೆಗೇ ವಾಲಿತ್ತು. ಹನ್ನೆರಡು ದಿನದ ಹಿಂದೆ ಎಂದರೆ ಆಸ್ಪತ್ರೆಗೆ ಹೋಗಿಬಂದ ದಿನ.

ಅವನಿಗೆ ಹೆದರಿಕೆಯಾಯಿತು. ಕಣ್ಣು ಬರುತ್ತದೋ ಇಲ್ಲವೋ ಎಂಬ ಪ್ರಶ್ನೆಯನ್ನು ಇಷ್ಟು ದಿನ ಅವನು ಯಾರ ಬಳಿಯೂ ಕೇಳಿರಲಿಲ್ಲ, ತನ್ನನ್ನೂ ಕೇಳಿಕೊಂಡಿರಲಿಲ್ಲ. ನಾಳೆ ಮತ್ತೆ ಆಸ್ಪತ್ರೆಗೆ ಹೋಗುವುದಿತ್ತು. ಅಷ್ಟರೊಳಗೆ ತಿಳಿಯಬೇಕು, ತಾನೇ ತೂಗಿ ತಿಳಿಯಬೇಕು ಎಂದು ನಿಶ್ಚಯಿಸಿದ.

ಮಧ್ಯಾಹ್ನ ಅವಳು ಹೋಟೆಲಿನ ಕೆಲಸಗಾರರ ಸಮವಸ್ತ್ರ ಕೊಟ್ಟುಬರಲು ಹೊರಟಳು. ಭಾವಮೈದ ಕಾವಲಿಗೆ ಬಂದ. ಬಸ್ಸಿನ ಡ್ರೈವರು ಅವನು. ಬೆಳಗಿನ ಪಾಳಿ ಮುಗಿಸಿ, ಡೀಸೆಲ್ಲಿನ ವಾಸನೆಯ ಸಮೇತ ಬಂದು ಕೂತ. ತೂಕದಪ್ಪ ಎದ್ದು, ಗೋಡೆ ಸವರಿಕೊಂಡು ಅಂಗಡಿಯ ಕೋಣೆಗೆ ನಡೆದ. ಎಲ್ಲಿಗೆ ಭಾವ, ಏನು ಬೇಕು ಭಾವ ಎಂದು ಭಾವಮೈದ ಬೆನ್ನಿಗೇ ಬಿದ್ದ. ತೂಕದಪ್ಪ ಮೇಜು ತಡವಿದ. ಅಳತೆಪಟ್ಟಿ, ಸೀಮೆಸುಣ್ಣ, ಇಸ್ತ್ರಿಪೆಟ್ಟಿಗೆಯ ಬೆಚ್ಚನೆಯ ತಳ, ಎಲ್ಲ ಇದ್ದವು. ದೊಡ್ಡ ಕತ್ತರಿ ನೇತಾಡುವ ಮೊಳೆ ಬರಿದಾಗಿತ್ತು. ಮಡಿಸಿಟ್ಟ ಪ್ಯಾಂಟುಗಳ ಅಡಿಯಲ್ಲಿ ಪುಸ್ತಕ ಸಿಕ್ಕಿತು.

ಏಳನೆಯ ಅಧ್ಯಾಯ ಓದು ಎಂದು ಅವನ ಕೈಗಿಟ್ಟ. ಭಾವಮೈದನಿಗೆ ಪುಸ್ತಕದ ಒಳಸುಳಿ ಏನೂ ತಿಳಿದಿರಲಿಲ್ಲ. ಅಕ್ಕ ದಿನಾ ಓದುವ ಪುಸ್ತಕ ತಾನೇ ಎಂದು ಧೈರ್ಯವಾಗಿ ಶುರುಮಾಡಿದ. ಪ್ರತಿ ಚುಕ್ಕೆಗೂ ಬಸ್ಸು ನಿಲ್ಲಿಸಿ, ಜನ ಇಳಿದರೋ ಇಲ್ಲವೋ ನೋಡಿ ಹೊರಡುವವನಂತೆ ಓದಿದ. ತೊಟ್ಟಿ ಒಡೆದ ಗಡಿಬಿಡಿಯಲ್ಲಿ ನ್ಯಾವಿಗೇಟರ್ ದಿಕ್ಕು ಹಿಡಿಯಲೆಂದು ದುರ್ಬೀನಿಗೆ ಕಪ್ಪು ಗಾಜು ಹಾಕದೆ ಸೂರ್ಯನನ್ನು ನೋಡಿಬಿಡುತ್ತಾನೆ. ಎರಡೂ ಕಣ್ಣು ಸುಟ್ಟುಹೋಗುತ್ತವೆ. ಅಲ್ಲಿಗೆ ಬಂದಾಗ ಭಾವಮೈದನ ಬಸ್ಸು ನಿಂತೇಬಿಟ್ಟಿತು. ಅಕ್ಕ ಬರಲಿ, ಮಿಕ್ಕದ್ದು ಅವಳೇ ಓದಲಿ ಎಂದ. ಓದು ಎಂದು ತೂಕದಪ್ಪ ಮೂವತ್ತನಾಲ್ಕು ವರ್ಷ ಅಂಗಡಿಗಳಲ್ಲಿ ಬಳಸಿದ ದನಿಯಲ್ಲಿ ಹೇಳಿದ.

ಓದಿದ. ಕುರುಡನಾದ ನ್ಯಾವಿಗೇಟರ್ ಐದು ದಿನ ಸುಮ್ಮನೆ ಮಲಗಿದ್ದು ತಲೆಯಲ್ಲೇ ಲೆಕ್ಕ ಹಾಕುತ್ತಾನೆ. ಆರನೆಯ ದಿನದ ಕೊನೆಗೆ ನಾಲ್ವರೂ ಸೇರಿ ಇಪ್ಪತ್ತನಾಲ್ಕು ಪಾಲು ಮುಗಿಸಿರುತ್ತಾರೆ. ಉಳಿದ ಇನ್ನೂರ ಇಪ್ಪತ್ತೆರಡು ಪಾಲು ಮೂವರಿಗೆ ಸರಿಯಾಗಿ ಎಪ್ಪತ್ತನಾಲ್ಕು ದಿನ. ಒಂದು ದಿನ ತಡಮಾಡಿದರೂ ಎಲ್ಲರೂ ಹೋದರು. ಕಾಣದ ನಾನು ಈಗ ಬರೀ ಉಸಿರು, ಬರೀ ಭಾರ ಎಂದು ಹೇಳಿ ಅವನು ಆರನೆಯ ದಿನ ನೌಕೆಯ ಬಾಗಿಲು ತೆರೆದುಕೊಂಡು ಹೊರಗೆ ಹೆಜ್ಜೆಯಿಡುತ್ತಾನೆ. ಮೂವರೂ ಟೊಪ್ಪಿಗೆ ತೆಗೆದು ನಿಲ್ಲುತ್ತಾರೆ. ಯಾರೂ ತಡೆಯುವುದಿಲ್ಲ. ಅಧ್ಯಾಯ ಮುಗಿಯುತ್ತದೆ.

"ಭಾವ, ಇಲ್ಲಿ ಅಂಚಲ್ಲಿ ಪೆನ್ಸಿಲಿಂದ ಏನೋ ಬರ್ದಿದೆ," ಎಂದ ಭಾವಮೈದ ಸಣ್ಣ ದನಿಯಲ್ಲಿ. "'ಲೆಕ್ಕ ಸರಿ' ಅಂತ. ನಿಮ್ಮದೇ ಅಕ್ಷರ."

ತೂಕದಪ್ಪ ಪುಸ್ತಕವನ್ನು ಇಸಿದುಕೊಂಡು ತೊಡೆಯ ಮೇಲಿಟ್ಟುಕೊಂಡ. ಆಸ್ಪತ್ರೆಯಲ್ಲಿ ಅಕ್ಕನಿಗೆ ಏನು ಹೇಳಿದರು ಎಂದು ಕೇಳಿದ. ಭಾವಮೈದನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ನನ್ನನ್ನು ಕೇಳಬೇಡಿ ಭಾವ ಎಂದ. ಆ ಮಾತೇ ಸಾಕಾಗಿತ್ತು.

ಹೆಂಡತಿ ಬಂದವಳು ಅಂಗಡಿಯಲ್ಲಿ ಗಂಡನನ್ನೂ ಅವನ ತೊಡೆಯ ಮೇಲೆ ಪುಸ್ತಕವನ್ನೂ ಕಂಡು ಹೊಸ್ತಿಲಲ್ಲೇ ನಿಂತಳು. ತಮ್ಮ ಚಪ್ಪಲಿ ಮೆಟ್ಟಿಕೊಂಡು ಸದ್ದಿಲ್ಲದೆ ಜಾಗ ಖಾಲಿ ಮಾಡಿದ. ಇಬ್ಬರೇ ಉಳಿದರು. ತೂಕದಪ್ಪ ಬೇರೇನೂ ಕೇಳಲಿಲ್ಲ. ಎಂಟನೆಯ ದಿನ ಡಾಕ್ಟರು ಹೇಳಿದ್ದನ್ನು ಹೇಳಿದ ಹಾಗೇ ಹೇಳು, ಹೊಲಿಗೆ ಹಾಕಬೇಡ ಎಂದ.

ಅವಳು ಸ್ಟೂಲು ಎಳೆದುಕೊಂಡು ಎದುರಿಗೆ ಕೂತಳು. "ಪರದೆ ಮತ್ತೆ ಬಿಟ್ಕೊಂಡಿದೆ ಅಂದ್ರು. ಸುಕ್ಕುಗಟ್ಟಿದೆ, ಇನ್ನೊಂದ್ಸಲ ಕೂರಿಸೋಕೆ ಹೋದ್ರೆ ಹರಿಯುತ್ತೆ, ಹರೀದೆ ಇದ್ರೂ ನೋಟ ಬರಲ್ಲ ಅಂದ್ರು. ಬೆಳಕಿದೆಯೋ ಕತ್ತಲೆಯೋ ಅಷ್ಟು ಗೊತ್ತಾಗಬಹುದು. ನಿಮಗೆ ಅವರೇ ಹೇಳ್ತೀನಿ ಅಂದ್ರು. ನಾನು ಹೇಳ್ತೀನಿ, ಮುಂದಿನ ಸಲ ಬರೋದ್ರೊಳಗೆ ನಾನೇ ಹೇಳಿರ್ತೀನಿ ಅಂತ ಬೇಡ್ಕೊಂಡೆ. ಹೇಳೋಕಾಗ್ಲಿಲ್ಲ."

ದನಿ ಒಂದೇ ಮಟ್ಟದಲ್ಲಿತ್ತು. ಎಲ್ಲೂ ತಡವರಿಸಲಿಲ್ಲ, ಎಲ್ಲೂ ಓಡಲಿಲ್ಲ. ಈ ಹನ್ನೆರಡು ದಿನದಲ್ಲಿ ಮೊದಲ ಸಲ ಅವಳು ಪೂರ್ತಿ ಓದುತ್ತಿದ್ದಾಳೆಂದು ಅವನಿಗೆ ಗೊತ್ತಾಯಿತು. ಮೊದಲು ಬಂದದ್ದು ಸಿಟ್ಟು. ಊರಿನ ತಕ್ಕಡಿಗಳನ್ನೆಲ್ಲ ಜಾಲಾಡಿದವನಿಗೆ ಮನೆಯೊಳಗೇ ಹನ್ನೆರಡು ದಿನ ಸುಳ್ಳು ತೂಕ ಕೊಟ್ಟಿದ್ದಳು. ನನ್ನ ಕಣ್ಣು, ನನಗೆ ಹೇಳದೆ ಇಟ್ಟುಕೊಳ್ಳಲು ನೀನು ಯಾರು ಎಂದು ಕೂಗಾಡಿದ. ಸಿಟ್ಟು ಇಳಿದ ಮೇಲೆ ಅದರಡಿಯಲ್ಲಿ ಇದ್ದದ್ದು ಸಿಕ್ಕಿತು. ಇನ್ನು ಮೇಲೆ ಇವಳ ಮುಖ ಕಾಣುವುದಿಲ್ಲ. ಅವನು ಅತ್ತ. ಆ ಕಣ್ಣು ನೀರಿಗೆ ಮಾತ್ರ ಇನ್ನೂ ಕೆಲಸಕ್ಕೆ ಬರುತ್ತಿತ್ತು.

ಬಹಳ ಹೊತ್ತಾದ ಮೇಲೆ, ನನಗೆ ಹೇಳದಿದ್ದದ್ದು ಇರಲಿ, ಆ ನ್ಯಾವಿಗೇಟರನನ್ನು ಯಾಕೆ ಬದುಕಿಸಿದೆ ಎಂದು ಕೇಳಿದ.

"ಆಸ್ಪತ್ರೆಯಿಂದ ಬಂದು ಇಲ್ಲೇ ಕೂತಿದ್ದೆ," ಎಂದಳು. "ಅವತ್ತಿನ ಪಾಠ ಮೊದ್ಲೇ ಒಂದ್ಸಲ ನೋಡ್ಕೊಳೋಣ, ಕಷ್ಟದ ಪದ ಇರ್ತಾವೆ ಅಂತ ಪುಸ್ತಕ ತೆಗೆದೆ. ಅವನ ಕಣ್ಣು ಹೋಯ್ತು. ಅವನು ಬಾಗ್ಲು ತೆಗೆದ. ಅದನ್ನಾದ್ರೂ ಓದಿಬಿಡ್ತಿದ್ದೆನೇನೋ. ಪಕ್ಕದಲ್ಲಿ ನೀವು 'ಲೆಕ್ಕ ಸರಿ' ಅಂತ ಬರ್ದಿದೀರಿ. ನೀವು ಯಾವತ್ತಾದ್ರೂ ಲೆಕ್ಕ ಸರಿಯಿದ್ದ ಮೇಲೆ ಬೇರೆ ಮಾತು ಕೇಳಿದೀರಾ?"

ಕೇಳಿದ್ದಿಲ್ಲ. ಮೊಳೆಯ ಮೇಲೆ ಕತ್ತರಿ ಯಾಕಿಲ್ಲ ಎಂದು ಅವನಿಗೆ ಆಗ ಅರ್ಥವಾಯಿತು. ಇನ್ನೇನೇನು ಬಚ್ಚಿಟ್ಟಿದ್ದೀಯ ಎಂದು ಕೇಳಿದ. ಅವಳು ಪಟ್ಟಿ ಒಪ್ಪಿಸಿದಳು: ಕತ್ತರಿಗಳು ತಮ್ಮನ ಮನೆಯಲ್ಲಿ, ಮಾತ್ರೆಗಳು ಅವಳ ಚೀಲದಲ್ಲಿ, ತಾರಸಿಯ ಬಾಗಿಲಿಗೆ ಹೊಸ ಬೀಗ, ಬೀಗದ ಕೈ ಅವಳ ಕೊರಳಲ್ಲಿ. ಇಷ್ಟು ದಿನ ಅವಳು ಜಗಳವಾಡದೆ, ಸಕ್ಕರೆ ಹಾಕಿಕೊಂಡು, ಈ ಕಾವಲು ಕಾಯುತ್ತಿದ್ದಳು. ಅದನ್ನು ಕೇಳಿ ಅವನಿಗೆ ಕಣ್ಣು ಹೋದ ದುಃಖಕ್ಕಿಂತ ನಾಚಿಕೆಯೇ ಹೆಚ್ಚಾಯಿತು.

ಅವತ್ತು ಸಂಜೆಯವರೆಗೂ ಅವನು ಅಂಗಡಿಯ ಕುರ್ಚಿ ಬಿಟ್ಟು ಏಳಲಿಲ್ಲ. ಅವಳೂ ಯಂತ್ರ ಮುಟ್ಟಲಿಲ್ಲ. ಮೊದಲು ಅವನು ಆ ಬರಹವನ್ನು ಮರೆಯಲು ನೋಡಿದ; ಇಪ್ಪತ್ತೆಂಟರ ಹುಡುಗು ಕೈ ಬರೆದದ್ದು ಅದು, ಎರಡು ಕಣ್ಣೂ ನೆಟ್ಟಗಿದ್ದ ಹುಡುಗನದ್ದು. ಮರೆಯಲಾಗಲಿಲ್ಲ. ತಾನೇ ಮುದ್ರೆ ಒತ್ತಿದ ತಕ್ಕಡಿಯ ಮೇಲೆ ದೂರು ಬಂದರೆ ಇನ್‌ಸ್ಪೆಕ್ಟರು ಮಾಡಬೇಕಾದದ್ದು ಒಂದೇ, ಇನ್ನೊಮ್ಮೆ ಹೋಗಿ ತೂಗಬೇಕು. ನಾಲ್ಕು, ಆರು, ಇಪ್ಪತ್ತನಾಲ್ಕು. ಇನ್ನೂರ ಇಪ್ಪತ್ತೆರಡು, ಮೂರು, ಎಪ್ಪತ್ತನಾಲ್ಕು. ಕೂಡಿದ್ದೂ ಸರಿ, ಭಾಗಿಸಿದ್ದೂ ಸರಿ. ಹಾಗಾದರೆ ಬಟ್ಟನ್ನೇ ನೋಡಬೇಕು. ಒಂದು ಪಾಲು ಎಂದರೆ ಯಾರ ಪಾಲು? ಓಡಾಡುವವನದೋ, ಬಿದ್ದುಕೊಂಡವನದೋ? ತಾನು ಎಂಟು ದಿನ ಮುಖ ಅಡಿ ಹಾಕಿ ಮಲಗಿದ್ದಾಗ ಬೇಸರ ಕಳೆಯಲು ಉಸಿರು ಎಣಿಸಿದ್ದ. ಎಷ್ಟು ನಿಧಾನಕ್ಕೆ ಬರುತ್ತಿತ್ತು ಅದು.

ಎರಡನೆಯ ಅಧ್ಯಾಯ ತೆಗೆ ಎಂದ. ಉಡಾವಣೆಯ ಮರುದಿನ ಎಲ್ಲರನ್ನೂ ಹಾಸಿಗೆಗೆ ಕಟ್ಟಿ ಮಲಗಿಸಿದ ಸಂಗತಿ ಬರುತ್ತದಲ್ಲ, ಅಲ್ಲಿ ಗಾಳಿಯ ಖರ್ಚು ಎಷ್ಟೆಂದು ಬರೆದಿದೆ ನೋಡು. ಅವಳು ಹುಡುಕಿ ಓದಿದಳು: ಅಲುಗಾಡದೆ ಮಲಗಿದವನ ದಿನದ ಖರ್ಚು ಒಂದು ಪಾಲಿನಲ್ಲಿ ಮೂರನೆಯ ಎರಡು ಭಾಗ. ಓದಿದ ಸಾಲನ್ನೇ ಅವನು ಎರಡನೆಯ ಸಲ ಓದಿಸಿದ. ಮೂರನೆಯ ಸಲವೂ ಓದಿಸಿದ.

ಆಮೇಲೆ ಅವನು ಲೆಕ್ಕ ಹೇಳಲಿಲ್ಲ. ಹೇಳಲು ಭಯವಾಯಿತು. ತನಗೆ ಬೇಕಾದ ಉತ್ತರವನ್ನೇ ಮುಳ್ಳು ತೋರಿಸುತ್ತಿದ್ದಾಗ ತಾನೇ ತಟ್ಟೆಯ ಮೇಲೆ ಬೆರಳಿಟ್ಟಿರಬಹುದು ಎಂಬ ಅನುಮಾನ ಬಂತು. ಅದಕ್ಕೇ ಪೆನ್ಸಿಲು ಅವಳ ಕೈಗೆ ಕೊಟ್ಟು, ನೀನೇ ಮಾಡು ಎಂದ. ಒಬ್ಬ ಎದ್ದು ಪಾಳಿ ಕಾಯುತ್ತಾನೆ, ಮೂವರು ಮಲಗಿರುತ್ತಾರೆ, ಸರದಿಯಂತೆ ಬದಲಾಗುತ್ತಾರೆ. ದಿನಕ್ಕೆ ಎಷ್ಟಾಯಿತು? ಗೀಚುವ ಸದ್ದು ಕೇಳಿತು, ಒರೆಸುವ ಸದ್ದು ಕೇಳಿತು. ಅವಳ ಲೆಕ್ಕ ಯಾವಾಗಲೂ ಅಳತೆಪಟ್ಟಿಯಲ್ಲಿ ಬೆರಳಿಟ್ಟು ಜರುಗಿಸಿದ ಹಾಗೆ, ನಿಧಾನ.

"ಮೂರು ಜನ ಮಲಗಿದ್ರೆ ಇಬ್ಬರ ಗಾಳಿ," ಎಂದಳು. "ಎದ್ದಿರೋನದು ಒಂದು. ದಿನಕ್ಕೆ ಮೂರೇ ಪಾಲು. ಎಂಬತ್ತು ದಿನಕ್ಕೆ ಇನ್ನೂರ ನಲವತ್ತು." ಪೆನ್ಸಿಲಿನಿಂದ ಇನ್ನೊಂದು ಸಾಲು ಗೀಚಿ, "ಆರು ಮಿಕ್ಕುತ್ತೆ ರೀ. ನಾಲ್ಕೂ ಜನ ಮನೆ ಸೇರ್ತಾರೆ," ಎಂದಳು.

ನಾಲ್ಕು ಜನ. ಲೇಖಕ ತಾನೇ ಬರೆದಿಟ್ಟ ಬಟ್ಟನ್ನು ಐದು ಅಧ್ಯಾಯದ ಮೇಲೆ ಮರೆತಿದ್ದ. ಒಬ್ಬ ದೊಡ್ಡ ಮನಸ್ಸಿನಿಂದ ಸಾಯುವ ದೃಶ್ಯ ಬೇಕಿತ್ತು ಅವನಿಗೆ, ಬರೆಯುವ ಆತುರದಲ್ಲಿ ಇನ್ನೊಮ್ಮೆ ತೂಗಲಿಲ್ಲ. ಆ ಮೂವರೂ ಟೊಪ್ಪಿಗೆ ತೆಗೆಯುವ ಬದಲು ಹತ್ತು ನಿಮಿಷ ಅವನ ಹಾಸಿಗೆಯ ಪಕ್ಕ ಕೂತಿದ್ದರೆ ಸಾಕಿತ್ತು. ಓದಿದ ತೂಕದಪ್ಪನೂ ಕೂರಲಿಲ್ಲ. ಸರಿ ಎಂದು ಬರೆದು ಪುಟ ತಿರುಗಿಸಿದ್ದ. 'ಲೆಕ್ಕ ಸರಿ' ಎಂಬುದನ್ನು ಹೊಡೆದುಹಾಕು, ಪಕ್ಕದಲ್ಲಿ ನಿನ್ನ ಲೆಕ್ಕ ಬರೆ ಎಂದು ಹೇಳಿದ. ಅವಳು ಬರೆದಳು. ಕ್ಯಾಪ್ಟನ್ ಪೈಪನ್ನು ಮೊದಲ ದಿನವೇ ಬಿಸಾಕಿದ್ದರೆ ಇನ್ನೂ ಒಂದೆರಡು ಪಾಲು ಉಳಿಯುತ್ತಿತ್ತು ಎಂದು ಮೂಗು ಸೇದುತ್ತಾ ಸೇರಿಸಿದಳು. ಅವನಿಗೆ ನಗು ಬಂತು.

ನಕ್ಕ ಮೇಲೆ ಮನಸ್ಸು ಸ್ವಲ್ಪ ಹಗುರಾಗಿ, ಇನ್ನು ಆ ಬೀಗ ತೆಗೆದುಬಿಡು, ಕತ್ತರಿ ತರಿಸಿಕೊ, ನಿನ್ನ ಕೆಲಸ ನಿಂತಿದೆ ಎಂದ. ಲೆಕ್ಕ ತಪ್ಪೆಂದು ತಾನು ಒಪ್ಪಿದ್ದಾಯಿತಲ್ಲ.

ಅವಳು ಪುಸ್ತಕ ಮುಚ್ಚಿ ಪ್ಯಾಂಟುಗಳ ಮೇಲಿಟ್ಟಳು. "ಕತ್ತರಿ ತರಿಸ್ತೀನಿ. ಬೀಗ ಇರ್ಲಿ," ಎಂದಳು. "ಒಂದು ತಿಂಗ್ಳು ನೋಡ್ತೀನಿ. ಆಮೇಲೂ ನೀವು ಹೀಗೇ ನಕ್ಕರೆ ಆಗ ತೆಗೀತೀನಿ."

ತೂಕದಪ್ಪನಿಗೆ ಬೇಸರವಾಯಿತು, ಅವಮಾನವೂ ಆಯಿತು. ಜೀವಮಾನವಿಡೀ ಕಂಡವರನ್ನೆಲ್ಲ ಅನುಮಾನಿಸಿದವನನ್ನು ಈಗ ಮನೆಯಲ್ಲೇ ಒಬ್ಬಳು ತಪಾಸಣೆಗೆ ಇಟ್ಟುಕೊಂಡಿದ್ದಳು, ಅದೂ ದಿಢೀರ್ ತಪಾಸಣೆ, ಹಗಲೂ ರಾತ್ರಿ. ವಾದಿಸಲೆಂದು ಬಾಯಿ ತೆರೆದ. ಆದರೆ ಅವಳ ಜಾಗದಲ್ಲಿ ತಾನಿದ್ದಿದ್ದರೆ, ಒಂದೇ ಸಲ ತೂಗಿ ನೋಡಿ, ಸರಿ ಎಂದು ಮುದ್ರೆ ಒತ್ತಿ ಕಳಿಸುತ್ತಿರಲಿಲ್ಲ. ಒಂದು ತಿಂಗಳು ಕಡಿಮೆಯಾಯಿತು, ಎರಡು ತಿಂಗಳು ಇಟ್ಟುಕೊ ಎಂದು ಹೇಳಿದ.